‘ಕನ್ನಡಂ ತೆರಿಯಾದು’ ಎಂದ ಸಂಜೆ

1986ರಲ್ಲಿ ನಾನು ಕೊಯಮತ್ತೂರಿನ ಒಂದು ಮಹಿಳಾ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿಯಾಗಿದ್ದೆ. ಮೇಲಾಗಿ ಹಾಸ್ಟಲಿನ ಡೆಪ್ಯುಟಿ ವಾರ್ಡನ್, ವಾಸವೂ ಅಲ್ಲೇ. ಅಂದರೆ ಬೆಳಿಗ್ಗೆ ಅಮೆರಿಕದ ಚರಿತ್ರೆ, ಸಂಜೆ ಸಾಂಬಾರಿನ ತಕರಾರು. ಎರಡನ್ನೂ ಚೆನ್ನಾಗಿ ನಿಭಾಯಿಸುತ್ತೇನೆಂಬ ಜಂಬ ನನಗಿತ್ತು.

ನಮ್ಮದು ಎಷ್ಟೋ ತಲೆಮಾರಿನಿಂದ ಅಲ್ಲೇ ನೆಲೆಸಿದ ನೇಕಾರರ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಶಾಲೆಯಲ್ಲಿ ನಾನಾಡಿದ ಕನ್ನಡ ಕೇಳಿ ಹುಡುಗಿಯರು ನಕ್ಕಿದ್ದರು. ಅಂದಿನಿಂದ ಯಾವ ಅರ್ಜಿಯಲ್ಲೂ ತಾಯಿನುಡಿ ಎಂಬಲ್ಲಿ ತಮಿಳು ಎಂದೇ ಬರೆಯುತ್ತಿದ್ದೆ. ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಆ ವರ್ಷ ಗುಂಡ್ಲುಪೇಟೆ ಕಡೆಯ ಸುನಂದಾ ಮೊದಲ ಬಿ.ಎ.ಗೆ ಸೇರಿದಳು. ಅವಳ ಸೋದರಮಾವ ತುಡಿಯಲೂರಿನ ಪಂಪ್ ಕಾರ್ಖಾನೆಯಲ್ಲಿ ಫಿಟ್ಟರ್. ಅವರ ಒಂದೇ ಕೋಣೆಯ ಮನೆಯಲ್ಲಿ ಜಾಗವಿಲ್ಲದೆ ಅವಳನ್ನು ಹಾಸ್ಟಲಿನಲ್ಲಿ ಬಿಟ್ಟಿದ್ದರು. ಹಾಸ್ಟಲ್ ತಪ್ಪಿದರೆ ಅವಳ ಓದೂ ತಪ್ಪುತ್ತಿತ್ತು. ತಮಿಳು ಇನ್ನೂ ಬರುತ್ತಿರಲಿಲ್ಲ.

ಹಾಸ್ಟಲಿನಲ್ಲಿ ಸಂಜೆ ಆರಕ್ಕೆ ಪ್ರಾರ್ಥನೆ. ಸರದಿಯಂತೆ ಒಬ್ಬೊಬ್ಬರು ಹಾಡಬೇಕು. ಆಗಸ್ಟ್ ತಿಂಗಳ ಒಂದು ಬುಧವಾರ ಸುನಂದಾ ತನಗೆ ಬರುವ ಕನ್ನಡದ ಹಾಡನ್ನೇ ಹಾಡಿದಳು. ಗಡಿಯಾಚೆ ಕರ್ನಾಟಕದಲ್ಲಿ ತಮಿಳರನ್ನು ಹೊಡೆಯುತ್ತಿದ್ದಾರೆಂಬ ಮಾತು ಆಗ ಹಾಸ್ಟಲಿನಲ್ಲಿ ಹಬ್ಬಿತ್ತು, ನಿಜವೋ ಸುಳ್ಳೋ. ಮೂರನೇ ವರ್ಷದ ಸೆಲ್ವಿಯ ಅಣ್ಣ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ಅವನಿಂದ ಎರಡು ವಾರದಿಂದ ಕಾಗದವಿರಲಿಲ್ಲ. ಪ್ರಾರ್ಥನೆ ಮುಗಿದದ್ದೇ ತಡ, ಸೆಲ್ವಿ ಮತ್ತು ಅವಳ ಗೆಳತಿಯರು ಸುನಂದಾಳ ಟ್ರಂಕನ್ನು ತಂದು ವರಾಂಡದಲ್ಲಿಟ್ಟರು.

ಸುನಂದಾ ನೇರ ನನ್ನ ಬಳಿ ಬಂದಳು. “ಮೇಡಂ, ನನ್ನ ಟ್ರಂಕು ಆಚೆ ಇಟ್ಟವ್ರೆ. ನಾನೇನು ತಪ್ಪು ಮಾಡ್ದೆ ಅಂತ ನೀವಾದ್ರೂ ಕೇಳಿ.”

ಹಿಂದೆ ಮೂವತ್ತು ಹುಡುಗಿಯರು ನಿಂತಿದ್ದರು. ನನ್ನ ಬಾಯಿಂದ ಬಂದದ್ದು ಇಷ್ಟೇ: “ಕನ್ನಡಂ ಎನಕ್ಕು ತೆರಿಯಾದು. ತಮಿಳ್‌ಲ ಸೊಲ್ಲುಮ್ಮಾ.” ಕನ್ನಡ ನನಗೆ ಗೊತ್ತಿಲ್ಲ, ತಮಿಳಿನಲ್ಲಿ ಹೇಳು ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ ಹೋಗಿ ಟ್ರಂಕಿನ ಮೇಲೆ ಕುಳಿತಳು. ನಾಳೆ ಪ್ರಿನ್ಸಿಪಾಲರ ಹತ್ತಿರ ಮಾತಾಡೋಣ ಎಂದು ನಾನು ಜಾರಿಕೊಂಡೆ.

ಮರುದಿನ ಬೆಳಿಗ್ಗೆ ಮೂರನೇ ವರ್ಷದವರಿಗೆ ಪಾಠ. ಅಂದಿನ ವಿಷಯ 1844ರ ಫಿಲಡೆಲ್ಫಿಯಾ ಗಲಭೆ. ಐರ್ಲೆಂಡಿನಿಂದ ಬಂದ ಕ್ಯಾಥಲಿಕರು ತಮ್ಮ ಮಕ್ಕಳಿಗೆ ಶಾಲೆಯಲ್ಲಿ ತಮ್ಮ ಪಂಥದ ಬೈಬಲ್ ಓದಲು ಬಿಡಿ ಎಂದರು. ಇವರು ಶಾಲೆಯಿಂದ ಬೈಬಲನ್ನೇ ತೆಗೆಸುತ್ತಾರೆಂಬ ಸುದ್ದಿ ಹಬ್ಬಿ, ಅವರ ಮನೆಗಳು ಮತ್ತು ಚರ್ಚುಗಳು ಉರಿದವು. ಉರಿದ ಆ ಕೇರಿಯಲ್ಲಿ ಬಹಳಷ್ಟು ಜನ ನಮ್ಮವರಂತೆ ಕೈಮಗ್ಗದ ನೇಕಾರರು. ಪ್ರತಿ ವರ್ಷ ಓದಿಕೊಂಡು ಹೋಗುತ್ತಿದ್ದ ಆ ಸಾಲಿನಲ್ಲಿ ಅಂದು ನನ್ನ ನಾಲಿಗೆ ತೊಡರಿತು.

ಮುಂದೆ ವಲಸಿಗರ ವಿರುದ್ಧ ಹುಟ್ಟಿದ ಗುಪ್ತ ಸಂಘದ ವಿಷಯ ಬಂತು. ಅದಕ್ಕೆ ‘ನೋ ನಥಿಂಗ್’, ಅಂದರೆ ‘ಏನೂ ಗೊತ್ತಿಲ್ಲ’, ಎಂಬ ಹೆಸರು ಬಿದ್ದಿತ್ತು. ಸಂಘದ ಬಗ್ಗೆ ಯಾರು ಕೇಳಿದರೂ ಸದಸ್ಯರು ನನಗೇನೂ ಗೊತ್ತಿಲ್ಲ ಎನ್ನಬೇಕು. ಎಂದಿನಂತೆ ತಮಿಳಿನಲ್ಲಿ ಬಿಡಿಸಿ ಹೇಳಲು ಹೋದೆ. “ಎನಕ್ಕು ಒಣ್ಣುಂ ತೆರಿಯಾದು” ಎಂದೆ. ಹಿಂದಿನ ಸಂಜೆ ಸುನಂದಾಳಿಗೆ ಹೇಳಿದ್ದೂ ಹೆಚ್ಚುಕಡಿಮೆ ಅದೇ ಮಾತು. ಪುಸ್ತಕ ಮುಚ್ಚಿ ಹಾಸ್ಟಲಿಗೆ ಬಂದರೆ ವರಾಂಡದಲ್ಲಿ ಟ್ರಂಕಿರಲಿಲ್ಲ. ಸುನಂದಾ ಊರಿಗೆ ಹೊರಟಳೆಂದು ಆಯಾ ಹೇಳಿದಳು.

ಸಿಟಿ ಬಸ್ ಹಿಡಿದು ಗಾಂಧಿಪುರಂಗೆ ಹೋದೆ. ಅಲ್ಲಿನ ಬಸ್ ಸ್ಟ್ಯಾಂಡಿನ ಕಂಬಕ್ಕೊರಗಿ ಸುನಂದಾ ಕುಳಿತಿದ್ದಳು.

“ಬಾ ಕಣ್ಣು, ಹಾಸ್ಟಲ್‌ಗೆ ಹೋಗಾಣ,” ಎಂದೆ. ನಮ್ಮ ಮನೆಯಲ್ಲಿ ಮಕ್ಕಳನ್ನು ಮುದ್ದಿನಿಂದ ಕರೆಯುವುದೇ ಕಣ್ಣು ಎಂದು. ಶಾಲೆಯ ದಿನಗಳ ನಂತರ ಮನೆಯಾಚೆ ನಾನು ಆಡಿದ ಮೊದಲ ಕನ್ನಡ ಅದು.

ಅವಳಿಗೆ ಆಶ್ಚರ್ಯವಾಗಲಿಲ್ಲ. “ನಿಮಗೆ ಕನ್ನಡ ಬರ್ತದೆ ಅಂತ ಗೊತ್ತಿತ್ತು ಮೇಡಂ. ನಿಮ್ಮಮ್ಮ ಬಂದಾಗ ಗೇಟಿನ ಹತ್ರ ‘ಟಿಫನ್ ಎತ್ಕೊಂಡ್ಯಾ ಕಣ್ಣು’ ಅಂತ ಕೂಗಿದ್ದು ಕೇಳಿದ್ದೆ. ಅದಕ್ಕೇ ನಿಮ್ಮ ಹತ್ರ ಬಂದೆ.” ಟ್ರಂಕನ್ನು ಹತ್ತಿರಕ್ಕೆಳೆದುಕೊಂಡು ಹೇಳಿದಳು: “ನನಗೆ ಹೇಳಿ ಏನು ಬಂತು? ಅವರಿಗೆ ಹೇಳಿ.”

ಅವಳನ್ನು ಹಾಸ್ಟಲಿಗೆ ಕರೆತಂದು, ಮಧ್ಯಾಹ್ನ ಊಟದ ಹಾಲಿನಲ್ಲಿ ಎಲ್ಲರ ಮುಂದೆ ಹೇಳಿದೆ, ತಮಿಳಿನಲ್ಲೇ. ನಮ್ಮ ಮನೆಯ ಮಾತೂ ಕನ್ನಡ, ನನ್ನ ಪೆಟ್ಟಿಗೆಯನ್ನೂ ಹೊರಗಿಡಿ ಎಂದೆ. ಸೆಲ್ವಿ ಎದ್ದು ನಿಂತು ಕೇಳಿದಳು: “ನೇತ್ತೇ ಏನ್ ಸೊಲ್ಲಲ, ಮೇಡಂ?”

ನಿನ್ನೆಯೇ ಏಕೆ ಹೇಳಲಿಲ್ಲ ಎಂಬುದು ಅವಳ ಪ್ರಶ್ನೆ. ಸೆಲ್ವಿ ಕೈ ತೊಳೆದು ಬಂದು, ಒಳಗೆ ಒಯ್ಯಲು ಟ್ರಂಕಿನ ಒಂದು ಹಿಡಿ ಹಿಡಿದಳು. ಇನ್ನೊಂದನ್ನು ಸುನಂದಾ ಹಿಡಿದಳು. ಮುಂದಿನ ವಾರ ಸೆಲ್ವಿಯ ಅಣ್ಣನ ಕಾಗದವೂ ಬಂತು. ವಿಳಾಸ ತಪ್ಪಿ ಎಲ್ಲೋ ಸುತ್ತಿತ್ತು, ಅಷ್ಟೇ.

ಗಲಭೆಗಳಿಗೆ ಕಾರಣಗಳನ್ನು ವರ್ಷಗಟ್ಟಲೆ ಹುಡುಗಿಯರಿಂದ ಬರೆಸಿದವಳು ನಾನು. ಗೊತ್ತಿದ್ದವರು ಗೊತ್ತಿಲ್ಲವೆನ್ನುವುದೂ ಅವುಗಳಲ್ಲೊಂದು ಎಂದು ಆ ಪಾಠ ಹೇಳುವ ಕೆಲಸವೇ ನನಗೆ ಕಲಿಸಿತು. ಕನ್ನಡದ ಅಕ್ಷರಗಳನ್ನು ನಿವೃತ್ತಿಯಾದ ಮೇಲೆ ಕಲಿತೆ.

ಸುನಂದಾ ಮೂರು ವರ್ಷ ಓದಿ ಪಾಸಾದಳು. ಎದುರು ಸಿಕ್ಕಾಗಲೆಲ್ಲ ನಾನು ಕನ್ನಡದಲ್ಲಿ ಮಾತಾಡಿಸುತ್ತಿದ್ದೆ. ಅವಳು ನಗುತ್ತಲೇ, ಆ ಸಂಜೆ ನಾನು ಹೇಳಿದಂತೆ, ತಮಿಳಿನಲ್ಲಿ ಉತ್ತರಿಸುತ್ತಿದ್ದಳು. ಕೊನೆಯ ದಿನ ಕಾಲಿಗೆ ನಮಸ್ಕರಿಸಿ, “ಪೋಯಿಟ್ಟು ವರೇನ್, ಮೇಡಂ,” ಎಂದಳು.

“ಹೋಗಿ ಬಾ ಕಣ್ಣು,” ಎಂದೆ. ಅಂದೂ ಅವಳು ಕನ್ನಡ ಆಡಲಿಲ್ಲ.