ಎದುರಾಳಿಗೆ ಹೋಳಿಗೆ

ನಾನು ಗೋಲ್‌ಕೀಪರ್ ಆಗಿದ್ದ ಫುಟ್‌ಬಾಲ್ ಕ್ಲಬ್ಬಿನ ಮಾಲೀಕರು ಮಾನ್ವಿಯ ರೈಸ್‌ಮಿಲ್ ಸಾವ್ಕಾರರು. ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಂಡವರು ನಮ್ಮ ಸೀಮೆಯಲ್ಲಿ ಅವರೊಬ್ಬರೇ. ಆದರೆ ಆಫ್‌ಸೈಡ್ ಎಂದರೇನೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಬಾವುಟ ಎತ್ತಿದಾಗಲೆಲ್ಲ, "ಯಾಕ್ರೀ, ನಮ್ಮ ಹುಡುಗ ಮುಂದ ಹೋಗಿದ್ದೇ ತಪ್ಪಾತೇನು?" ಎಂದು ಜಗಳಕ್ಕೆ ನಿಲ್ಲುತ್ತಿದ್ದರು.

ಅವರಿದ್ದಲ್ಲಿ ತಕರಾರು ತಪ್ಪಿದ್ದಲ್ಲ. ಒಮ್ಮೆ ಮೈದಾನ ಕೆಸರಾಯಿತೆಂದು ಮಿಲ್ಲಿನಿಂದ ಲಾರಿ ತುಂಬ ಭತ್ತದ ಹೊಟ್ಟು ತರಿಸಿ ಹರಡಿಸಿಬಿಟ್ಟರು. ಚೆಂಡು ಅದರಲ್ಲಿ ಹೂತು ಕುಳಿತಿತು. ಎದುರು ತಂಡ ಆಡದೆ ಬಸ್ಸು ಹತ್ತಿತು, ನಮ್ಮ ಕೋಚ್ ತಲೆ ಚಚ್ಚಿಕೊಂಡರು. ನಮಗೋ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಕ್ಲಬ್ಬಿನ ಕುತ್ತಿಗೆಗೆ ಸುತ್ತಿಕೊಂಡದ್ದು ಮಾತ್ರ ಹೋಳಿಗೆ. ರಾಯಚೂರಿನ ತಂಡ ಆಡಲು ಬಂದ ದಿನ ಸಾವ್ಕಾರರು ಅವರನ್ನು ಬಸ್‌ಸ್ಟ್ಯಾಂಡಿನಿಂದ ನೇರ ಮನೆಗೆ ಕರೆದೊಯ್ದರು. ಹೋಳಿಗೆ, ಅದರ ಮೇಲೆ ತುಪ್ಪ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಕಟ್ಟಿನ ಸಾರು. "ಹಾಕಿಸ್ಕೊಳ್ರಿ, ನಾಚಬ್ಯಾಡ್ರಿ" ಎಂದು ತಾವೇ ನಿಂತು ಬಡಿಸಿದರು. ಮುಂದೆ ಆಟ ಶುರುವಾದರೆ ಪಾಪ, ಅವರಿಗೆ ಬಗ್ಗಲೂ ಆಗದು. ಬೆಳಗ್ಗೆ ತಿಂದ ಮಂಡಕ್ಕಿ ಒಗ್ಗರಣೆಯ ಮೇಲೆಯೇ ಇದ್ದ ನಾವು ಗೋಲಿನ ಮೇಲೆ ಗೋಲು ಹೊಡೆದೆವು.

ನಮ್ಮನ್ನು ಆ ಊಟಕ್ಕೆ ಯಾರೂ ಕರೆದಿರಲಿಲ್ಲ. ನನ್ನದು ದೇವದುರ್ಗದ ಕಡೆಯ ಕೂಲಿ ಮನೆತನ. ದೊಡ್ಡವರ ಮನೆಯಲ್ಲಿ ಎಲ್ಲರದೂ ಆದ ಮೇಲೆ ಅಂಗಳದ ಮೂಲೆಯಲ್ಲಿ ಕೂತು ಉಂಡ ಕಥೆಯನ್ನು ಅಜ್ಜ ಹೇಳುತ್ತಿದ್ದ. ರಾಯಚೂರಿನವರನ್ನು ಮೈದಾನಕ್ಕೆ ಕರೆದೊಯ್ಯಲೆಂದು ಸಾವ್ಕಾರರ ಬಾಗಿಲಲ್ಲಿ ತುಪ್ಪದ ವಾಸನೆ ಕುಡಿಯುತ್ತ ನಿಂತಾಗ ಹೊಟ್ಟೆಗಿಂತ ಹೆಚ್ಚು ಮನಸ್ಸು ಉರಿಯಿತು. ಆಟ ಮುಗಿದು ಸಂಜೆ ನಮ್ಮನ್ನೂ ಪಡಸಾಲೆಯಲ್ಲಿ ಹೋಳಿಗೆ ಊಟಕ್ಕೆ ಕೂರಿಸಿದರು ನಿಜ. ನನ್ನ ಪಕ್ಕದಲ್ಲೇ ಕೂತ ಸಾವ್ಕಾರರು ಗಬಗಬನೆ ಉಣ್ಣುವುದನ್ನು ಕಂಡು, ಇವರ ಎರಡನೇ ಊಟವೂ ಜೋರಾಗಿದೆಯಲ್ಲ ಎಂದುಕೊಂಡೆ.

ಸೋತವರು ಲೀಗಿನ ಕಮಿಟಿಗೆ ದೂರು ಕೊಟ್ಟರು. ಎದುರಾಳಿಗೆ ಬೇಕೆಂದೇ ಹೊಟ್ಟೆ ಬಿರಿಯುವಂತೆ ಉಣ್ಣಿಸಿ, ತಮ್ಮವರನ್ನು ಹಗುರವಾಗಿಟ್ಟು ಗೆದ್ದರು ಎಂಬುದು ಆರೋಪ. ಸಾಬೀತಾದರೆ ಕ್ಲಬ್ಬು ಲೀಗಿನಿಂದ ಹೊರಗೆ, ನಮ್ಮೆಲ್ಲರ ಆಟವೂ ಅಲ್ಲಿಗೆ ಮುಗಿದಂತೆ. ತಂಡದ ನಾಯಕನೆಂದು ಸಾವ್ಕಾರರ ಜೊತೆ ರಾಯಚೂರಿಗೆ, ವಿಚಾರಣೆಗೆ, ನಾನೂ ಹೋದೆ.

ಕಮಿಟಿಯ ಅಧ್ಯಕ್ಷರು ನೇರವಾಗಿಯೇ ಕೇಳಿದರು: "ಎದುರು ಟೀಮಿಗೆ ಹೋಳಿಗಿ ಹಾಕಿದ್ರಿ. ನಿಮ್ಮ ಹುಡುಗರಿಗ್ಯಾಕ ಹಾಕಲಿಲ್ಲ?"

ನನ್ನೊಳಗೆ ಕುದಿಯುತ್ತಿದ್ದದ್ದೂ ಅದೇ ಪ್ರಶ್ನೆ. ಸಾವ್ಕಾರರು ಇದೂ ಒಂದು ಆಫ್‌ಸೈಡೇ ಎನ್ನುವ ಹಾಗೆ ಅವರ ಮುಖ ನೋಡಿದರು.

"ಇವರು ಮನಿ ಮಂದಿ ಅಲ್ಲೇನ್ರೀ? ಬಂದ ಬೀಗರಿಗಿಂತ ಮೊದಲ ಮನಿ ಮಂದಿ ಹೆಂಗ ಉಣ್ತಾರ್ರೀ? ಅವತ್ತು ಆಟ ಮುಗಿಯೋ ತನಕ ನಾನೂ ಉಂಡಿಲ್ಲ, ನಮ್ಮಾಕಿನೂ ಉಂಡಿಲ್ಲ."

ಅಧ್ಯಕ್ಷರು ನನ್ನತ್ತ ತಿರುಗಿದರು. "ಖರೇನೇನಪಾ?"

ನಮ್ಮ ಮನೆಯಲ್ಲೂ ಅದೇ ರೂಢಿ. ನೆಂಟರ ಊಟ ಮುಗಿಯುವವರೆಗೆ ಅವ್ವ ನಮಗೆ ಒಂದು ತುತ್ತೂ ಕೊಡುತ್ತಿರಲಿಲ್ಲ. ಅದು ಹೊಳೆದ ಕೂಡಲೇ ನನ್ನ ಸಿಟ್ಟೆಲ್ಲ ಇಳಿದು, ನಗುವೂ ಅಳುವೂ ಒಟ್ಟಿಗೇ ಬಂದವು.

"ಖರೇರೀ. ನನ್ನ ಬಾಜೂಕ ಕುಂತು ಐದಾರು ಹೋಳಿಗಿ ಉಂಡಾರ. ಮಧ್ಯಾಹ್ನ ಉಂಡವರು ಹಂಗ ಉಣ್ಣಂಗಿಲ್ಲರೀ."

ಕಮಿಟಿಯವರೆಲ್ಲ ಗೊಳ್ಳೆಂದು ನಕ್ಕರು. ಇನ್ನು ಮೇಲೆ ಎದುರು ತಂಡಕ್ಕೆ ಊಟ ಹಾಕುವುದಿದ್ದರೆ ಆಟ ಮುಗಿದ ಮೇಲೆ ಎಂದು ತಾಕೀತು ಮಾಡಿ ದೂರನ್ನು ಕೈಬಿಟ್ಟರು. ಕ್ಲಬ್ಬು ಉಳಿಯಿತು. ಸಾವ್ಕಾರರಿಗೆ ಮಾತ್ರ ಸಮಾಧಾನವಿಲ್ಲ. "ಹಸದು ಬಂದವರನ್ನ ಹಂಗೇ ಆಡಸೂದೇನ್ರೀ? ಇದೆಂಥಾ ಆಟರೀ!" ಎಂದು ಮೆಟ್ಟಿಲಿಳಿಯುವವರೆಗೂ ವಾದಿಸಿದರು.

ಕಾರಿನಲ್ಲಿ ಕೂತವರೇ ಹೆಂಡತಿಗೆ ಫೋನು ಹಚ್ಚಿದರು. "ನಮ್ಮ ಹುಡುಗ ನನ್ನ ಕೂಡ ಅದಾನ. ಇಬ್ಬರೂ ಉಂಡಿಲ್ಲ. ಹೊರಗಿನವರು ಯಾರೂ ಇಲ್ಲ, ಪಡಸಾಲ್ಯಾಗ ಬ್ಯಾಡ. ಅಡಗಿಮನ್ಯಾಗೇ ಎರಡು ತಾಟು ಹಾಕು."

ಮೂವತ್ತು ದಾಟಿದ, ಇಬ್ಬರು ಮಕ್ಕಳ ತಂದೆ ನಾನು. ಮಾನ್ವಿ ಬರುವವರೆಗೂ ಕಿಟಕಿಯಾಚೆಯ ಗದ್ದೆಗಳನ್ನು ನೋಡುತ್ತ ಒಬ್ಬನೇ ನಗುತ್ತಿದ್ದೆ. ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು, ಬಿಸಿ ರೊಟ್ಟಿ ಸಾಕು ಸಾಕೆನ್ನುವಷ್ಟು ಉಂಡೆ.