ಸಿಪಾಯಿಯನ್ನೇ ಕೇಳಿದ ದಿನ

ಗಜೇಂದ್ರಗಡದ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ನಮ್ಮೂರು ನರಗುಂದ. ಗಜೇಂದ್ರಗಡದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಕಾಕಾನ ಮನೆಯಲ್ಲೇ ಇರಬೇಕೆಂಬ ಷರತ್ತಿನ ಮೇಲೆ ಅಪ್ಪ ಒಪ್ಪಿದ್ದರು.

ಕಾಕಾ ಪೇಟೆಯ ಇತರ ವ್ಯಾಪಾರಿಗಳ ಜತೆ ಸೇರಿ ಸಿಪಾಯಿಗಳಿಗಾಗಿ ಒಂದು ಮನೆ ನಡೆಸುತ್ತಿದ್ದರು. ದೊಡ್ಡ ಯುದ್ಧ ಮುಗಿಸಿ ಬಂದ ಮೇಲೆ ನೋಡಿಕೊಳ್ಳುವವರಿಲ್ಲದೆ ಉಳಿದ ಆರು ಜನ ಅಲ್ಲಿದ್ದರು. ಗುಡ್ಡದ ಬುಡದ ಹಳೆಯ ಧರ್ಮಶಾಲೆಯೇ ಆ ಮನೆ. ರೊಟ್ಟಿಗೆ, ಬಟ್ಟೆಗೆ, ಕಂಬಳಿಗೆ ಅಲ್ಲಿ ಕೊರತೆ ಇರಲಿಲ್ಲ. ರವಿವಾರ ನಾನು ಹೋಗಿ ಅವರ ಕಾಗದ ಬರೆದುಕೊಡುತ್ತಿದ್ದೆ. ಅವರೆಲ್ಲ ನನ್ನನ್ನು ‘ಅಕ್ಕೋರ’ ಎಂದು ಕರೆಯುತ್ತಿದ್ದರು.

ಆರು ಜನರಲ್ಲಿ ಮೆಣಸಗಿ ಎಂಬ ಸಿಪಾಯಿಯೊಬ್ಬರು ಮಾತ್ರ ನನ್ನ ಹತ್ತಿರ ಬರುತ್ತಿರಲಿಲ್ಲ. ಇಟಲಿಯಲ್ಲಿ ಕಾದಿದವರಂತೆ. ಎತ್ತರದ ಆಳು, ಮಾತು ಮಾತ್ರ ಎಲ್ಲೆಲ್ಲಿಗೋ ಹೋಗುತ್ತಿತ್ತು. “ಊಟ ಆತೇನ್ರಿ?” ಎಂದರೆ “ಹೊಲದಾಗ ಅದಾವ” ಎನ್ನುತ್ತಿದ್ದರು. ಉಳಿದವರು ನಕ್ಕರೆ ಸಿಟ್ಟಿಗೆದ್ದು ಒದರುತ್ತಿದ್ದರು. ಊರಿನವರು ಅವರನ್ನು ಹುಚ್ಚ ಸಿಪಾಯಿ ಎಂದೇ ಕರೆದುಬಿಟ್ಟಿದ್ದರು.

ಒಂದು ದಿನ ಅಡುಗೆಯವರು ಸಾರಿನ ಪಾತ್ರೆ ಹಿಡಿದು ಹಿಂದಿನಿಂದ ಬಂದು ಅವರ ಭುಜ ಮುಟ್ಟಿದರು. ಸಿಪಾಯಿ ಗಕ್ಕನೆ ತಿರುಗಿ ತೋಳು ಬೀಸಿದರು. ಅಡುಗೆಯವರು ಬಿದ್ದು, ಬಿಸಿ ಸಾರು ಕಾಲ ಮೇಲೆ ಚೆಲ್ಲಿತು. “ಅಂವ ಇರಬೇಕು, ಇಲ್ಲಾ ನಾ ಇರಬೇಕು” ಎಂದು ಅವರು ಕಾಕಾನಿಗೆ ಹೇಳಿದರು. ಸಿಪಾಯಿಯನ್ನು ಧಾರವಾಡದ ಹುಚ್ಚರ ದವಾಖಾನೆಗೆ ಕಳಿಸುವ ಮಾತು ಎದ್ದಿತು. ಶುಕ್ರವಾರ ಕಮಿಟಿ ಸೇರಿ ತೀರ್ಮಾನಿಸುವುದೆಂದಾಯಿತು.

ಅದಕ್ಕೆ ಮುಂಚಿನ ರವಿವಾರ ನಾನು ಅಂಗಳದಲ್ಲಿ ಕಾಗದ ಬರೆಯುತ್ತ ಕೂತಿದ್ದೆ. ಮೆಣಸಗಿಯವರು ಗೋಡೆಗೆ ಮುಖ ಮಾಡಿ ಬಿಸಿಲು ಕಾಯಿಸುತ್ತಿದ್ದರು. ಅವರ ಬೆನ್ನ ಹಿಂದೆಯೇ ದೊಡ್ಡ ಹಿತ್ತಾಳೆ ಕೊಳಗವೊಂದು ಕಟ್ಟೆಯಿಂದ ಉರುಳಿ ಕಲ್ಲಿನ ಮೇಲೆ ಬಿತ್ತು. ನಾವೆಲ್ಲ ಬೆಚ್ಚಿಬಿದ್ದೆವು. ಅವರ ತಲೆ ಕೂಡ ಅಲುಗಲಿಲ್ಲ.

ನಾನು ಎದ್ದು ಹೋಗಿ ಅವರೆದುರು ನಿಂತು, ದನಿ ತೆಗೆಯದೆ ತುಟಿ ಮಾತ್ರ ಆಡಿಸಿದೆ.

“ಹೌದ್ರಿ, ಹೌದ್ರಿ” ಎಂದು ಅವರು ತಲೆಯಾಡಿಸಿದರು.

ನನಗೆ ತಿಳಿಯಿತು. ಇವರು ಹುಚ್ಚರಲ್ಲ, ಇವರಿಗೆ ಕಿವಿಯೇ ಕೇಳಿಸುವುದಿಲ್ಲ.

ನನ್ನ ಚೀಲದಲ್ಲಿದ್ದ ಪಾಟಿಯ ಮೇಲೆ ಬಳಪದಿಂದ ಕನ್ನಡದಲ್ಲಿ ಬರೆದು ತೋರಿಸಿದರೆ ಮುಖ ತಿರುಗಿಸಿದರು. ಆದರೆ ಅವರ ತೊಡೆಯ ಮೇಲೆ ಒಂದು ಹರಕು ಪುಸ್ತಕವಿತ್ತು. ಕೈಸನ್ನೆಯಿಂದ ಕೇಳಿ ತೆಗೆದುಕೊಂಡು ನೋಡಿದೆ. ಅಕ್ಷರ ಇಂಗ್ಲಿಷಿನವು, ಮಾತು ಮಾತ್ರ ಇಂಗ್ಲಿಷಲ್ಲ. ಕೂಡಿಸಿ ಓದಿದಾಗ ‘ರೋಟಿ’, ‘ಪಾನಿ’, ‘ಬಂದೂಕ್’ ಎಂದಾಯಿತು. ಪಕ್ಕದಲ್ಲಿದ್ದ ಕುಂಟುಕಾಲಿನ ಸಿಪಾಯಿ ಬಿಡಿಸಿ ಹೇಳಿದರು: “ಪಲ್ಟನ್ದಾಗ ಹಂಗ ಕಲಸ್ತಿದ್ರು ಅಕ್ಕೋರ. ಅಕ್ಷರ ಅಂಗ್ರೇಜಿ, ಮಾತು ಹಿಂದುಸ್ತಾನಿ. ಅಂವಾ ನಮ್ಮೆಲ್ಲಾರಕಿಂತ ಶಾಣ್ಯಾ ಇದ್ದ.”

ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದ್ದು ಆ ದಿನ ನನ್ನ ಕೈ ಹಿಡಿಯಿತು. ನಿಮಗೆ ಕಿವಿ ಕೇಳಿಸುತ್ತದೆಯೇ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ‘ಆಪ್ ಕೋ ಸುನಾಯೀ ದೇತಾ ಹೈ?’ ಎಂದು ಬರೆದೆ. ಅವರು ಬಹಳ ಹೊತ್ತು ನೋಡಿದರು. ಬಳಪ ಇಸಿದುಕೊಂಡು ಕೆಳಗೆ ಒಂದೇ ಪದ ಬರೆದರು: ‘ನಹೀಂ’.

“ಯಾರಿಗೂ ಹೇಳಬ್ಯಾಡ್ರಿ ಅಕ್ಕೋರ” ಎಂದರು. “ಕಿವುಡ ಅಂದ್ರ ಮಂದಿ ನಗತಾರ. ಹುಚ್ಚ ಅಂದ್ರ ಅಂಜತಾರ. ಅಂಜಿದ್ರನ ಚಲೋ.”

ಆಗ ಧಾರವಾಡದ ವಿಷಯ ಬರೆದೆ. ಊರಿಗೆಲ್ಲ ಗೊತ್ತಿದ್ದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಓದಿ ಪಾಟಿಯನ್ನು ಮೆಲ್ಲಗೆ ಕೆಳಗಿಟ್ಟರು.

“ಯಾವಾಗ?”

‘ಶುಕ್ರವಾರ, ಕಮಿಟಿಯಲ್ಲಿ ತೀರ್ಮಾನ’ ಎಂದು ಬರೆದೆ.

“ಹಂಗಾದ್ರ ಕಮಿಟಿ ಮುಂದ ನಾನೂ ಬರ್ತೇನಿ. ನೀವು ಜೋಡಿಗೆ ಇರ್ರಿ” ಎಂದರು.

ಆ ಶುಕ್ರವಾರ ಶಾಲೆ ಬಿಟ್ಟವಳೇ ಅವರನ್ನು ಕರೆದುಕೊಂಡು ಕಾಕಾನ ಅಂಗಡಿಗೆ ಹೋದೆ. ಗಾದಿಯ ಮೇಲೆ ಕಮಿಟಿಯ ಐದು ಜನ ಹಿರಿಯರು ಕೂತಿದ್ದರು. ನನಗೆ ಅಂಜಿಕೆ ಆಗಲಿಲ್ಲ. ನನ್ನ ಮಾತು ಖರೆ ಎಂಬುದು ನನಗೆ ಗೊತ್ತಿತ್ತು.

“ಇದು ಹಿರೇರ ಬೈಠಕ್, ತಂಗಿ. ನೀ ಮನೀಗೆ ನಡಿ” ಎಂದರು ಕಾಕಾ.

“ಹೋಗತೇನ್ರಿ ಕಾಕಾ. ಇವರ ಬಗ್ಗೆ ಮಾತಾಡೋರು ಇವರನ್ನ ಒಂದ್ಸಲ ಕೇಳ್ರಿ. ಇವರಿಗೆ ಕಿವಿ ಕೇಳಸೂದಿಲ್ಲ. ಅಷ್ಟ ಇವರ ರೋಗ.”

ಒಬ್ಬ ಹಿರಿಯರಿಗೆ ನಂಬಿಕೆ ಬರಲಿಲ್ಲ. ಎದ್ದು ಸಿಪಾಯಿಯ ಹಿಂದೆ ಹೋಗಿ, ಗಂಟಲು ಹರಿಯುವಂತೆ ಬೈದರು. ಸಿಪಾಯಿ ಕಾಕಾನ ಮುಖವನ್ನೇ ನೋಡುತ್ತ ಶಾಂತವಾಗಿ ನಿಂತಿದ್ದರು. ಬೈದವರು ಮರಳಿ ಬಂದು ಗಾದಿಯ ಮೇಲೆ ಕೂತರು.

“ಆತು, ಅಡಿಗಿಯವನ್ನ ಯಾಕ ಹೊಡದಾ? ಅದನ್ನ ಕೇಳು” ಎಂದರು ಕಾಕಾ.

ನಾನು ಬರೆದೆ. ಸಿಪಾಯಿ ಓದಿಕೊಂಡು, ಕಮಿಟಿಯ ಕಡೆ ತಿರುಗಿ, ಕವಾಯತಿಗೆ ನಿಂತವರಂತೆ ನೆಟ್ಟಗಾದರು.

“ಹಿಂದಿಂದ ಯಾರರೆ ಮುಟ್ಟಿದ್ರ ನನ್ನ ಕೈ ತಾನ ಏಳತೈತ್ರಿ. ಮುಂದ ಬಂದು ಕರೀರಿ, ಏನೂ ಆಗೂದಿಲ್ಲ. ಅವರ ಕಾಲು ಸುಟ್ಟದ್ದು ನನ್ನ ತಪ್ಪು. ಈಗಿಂದೀಗ ಹೋಗಿ ಅವರ ಮುಂದ ಹೇಳತೇನಿ. ಧಾರವಾಡಕ್ಕ ಮಾತ್ರ ನಾ ಹೋಗೂದಿಲ್ಲ.”

ಅಷ್ಟು ಸರಿಯಾದ ಮಾತನ್ನು ಅವರ ಬಾಯಿಂದ ಅಲ್ಲಿ ಯಾರೂ ಕೇಳಿರಲಿಲ್ಲ. ಕಾಕಾ ಪಂಚೆಯ ಅಂಚನ್ನು ತಿಕ್ಕುತ್ತ ಕೂತರು. ಆಮೇಲೆ “ಇಲ್ಲೇ ಇರಲಿ” ಎಂದರು. ನಾನು ಹೊರಡಲಿಲ್ಲ.

“ಮತ್ತೇನು?”

“ಇನ್ನ ಮುಂದ ಅಲ್ಲಿದ್ದವರ ಬಗ್ಗೆ ಏನ ಠರಾವ್ ಮಾಡೋದಿದ್ರೂ ಅವರನ್ನ ಎದುರಿಗೆ ಕೂಡ್ರಿಸಿಕೊಂಡ ಮಾಡ್ರಿ. ಅವರು ಯುದ್ಧ ಮಾಡಿ ಬಂದ ಮಂದಿ, ಕಾಕಾ. ತಮ್ಮ ಮಾತು ತಾವು ಆಡತಾರ.”

ಕಾಕಾ ಲೆಕ್ಕದ ಪುಸ್ತಕ ತೆರೆದರು. ಮನೆಯಲ್ಲಿ ಎಂಟು ದಿನ ನನ್ನೊಡನೆ ಮಾತೂ ಆಡಲಿಲ್ಲ. ಕಾಕಾನ ಹೆಂಡತಿ ಕಾಕು ನನಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿ ಒಳಗೆ ಹೋಗುತ್ತಿದ್ದಳು.

ಅಡುಗೆಯವರು ಕೆಲಸ ಬಿಡಲಿಲ್ಲ. ಸಿಪಾಯಿ ಕೈ ಮುಗಿದಾಗಲೂ ಅವರ ಮುಖ ಸಡಿಲವಾಗಲಿಲ್ಲ. ಆದರೂ ಅಂದಿನಿಂದ ಎದುರಿಗೆ ಬಂದು, ಸೌಟು ಎತ್ತಿ ತೋರಿಸಿಯೇ ಬಡಿಸತೊಡಗಿದರು. ಮೆಣಸಗಿಯವರ ಒದರಾಟ ನಿಂತಿತು. ರವಿವಾರ ಅವರು ನನಗಿಂತ ಮುಂಚೆ ಅಂಗಳಕ್ಕೆ ಬಂದು ಕೂತಿರುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಕನ್ನಡ ಅಕ್ಷರಗಳನ್ನು ತಿದ್ದಿ ಮುಗಿಸಿದರು.

ಮುಂದಿನ ಕಮಿಟಿ ಸಭೆಗೆ ಯಾರೂ ಕರೆಯದಿದ್ದರೂ ಕುಂಟುಕಾಲಿನ ಸಿಪಾಯಿ ತಾವೇ ಹೋಗಿ ಬಾಗಿಲ ಬಳಿ ಕೂತರಂತೆ. ಧರ್ಮಶಾಲೆಯ ಬಾವಿಯ ಮೆಟ್ಟಿಲಿಗೆ ಹಿಡಿಯಲು ಕಟ್ಟಿಗೆಯ ಆಸರೆ ಬೇಕು ಎಂದು ಕೇಳಿದರಂತೆ. ಅಂದು ಊಟಕ್ಕೆ ಕೂತಾಗ ಕಾಕಾ ತಾಟಿನಿಂದ ತಲೆ ಎತ್ತದೆ ನನಗೆ ಹೇಳಿದರು:

“ಆ ಮೆಟ್ಟಲಾ ನಾ ಹತ್ತ ವರ್ಷದಿಂದ ನೋಡೇನಿ. ಅಂವಾ ಹೇಳೂತನಕ ನನಗ ಕಂಡಿರಲಿಲ್ಲ. ನಾಳೆ ಬಡಿಗ್ಯಾಗ ಹೇಳಿ ಕಳಸ್ತೇನಿ.”