ರಕ್ತ ಕೊಟ್ಟ ವಾರದ ಕೊರೀನ್

ಬಲ್ಲಾರಟ್ ಊರಿನ ಕೊರೀನ್ ತೂಕದ ವಿಷಯದಲ್ಲಿ ಮಹಾ ಜಿಪುಣಿ. ಸೈಕಲ್ ಪಂದ್ಯದ ದಿನ ಕಿವಿಯೋಲೆ ಬಿಚ್ಚಿಡುತ್ತಾಳೆ, ಬಾಳೆಹಣ್ಣನ್ನು ಮನೆಯಲ್ಲೇ ಸುಲಿದುಕೊಂಡು ಬರುತ್ತಾಳೆ, ಮಗ ಹ್ಯಾಂಡಲ್ಲಿಗೆ ಕಟ್ಟಿದ ರಬ್ಬರ್ ಕಾಂಗರೂವಿಗೂ ಒಂದು ಮುತ್ತು ಕೊಟ್ಟು ಬಿಚ್ಚಿ ಮನೆಯಲ್ಲೇ ಬಿಡುತ್ತಾಳೆ. ಇಂಥವಳು ಮೂರು ತಿಂಗಳಿಗೊಮ್ಮೆ ರಕ್ತನಿಧಿಗೆ ಹೋಗಿ ಅರ್ಧ ಲೀಟರಿನಷ್ಟು ರಕ್ತ ಕೊಟ್ಟು, ಬಿಸ್ಕತ್ತು ತಿಂದು, “ನೋಡ್ರೇ, ಅರ್ಧ ಕಿಲೋ ಇಳಿದೆ” ಎಂದು ಗೆಳತಿಯರ ಮುಂದೆ ಜಂಬ ಕೊಚ್ಚುತ್ತಾಳೆ. ಆಮೇಲೆ ಕೆಲವು ವಾರ ದಾರಿಯಲ್ಲಿ ಏರು ಬಂದರೆ ಸಾಕು, ಅವಳ ಉಸಿರು ಕುದಿಯುವ ಕೆಟಲ್ಲಿನಂತೆ ಕೂಗುತ್ತದೆ. ಅಲ್ಲಿನ ಪಂದ್ಯಗಳಲ್ಲಿ ನಿಧಾನದವರನ್ನು ಕೆಲವು ನಿಮಿಷ ಮೊದಲೇ ಬಿಟ್ಟು, ವೇಗದವರನ್ನು ಕೊನೆಗೆ ಬಿಡುವುದು ರೂಢಿ. ನಿಮಿಷ ಹಂಚುವವನು ಮುದುಕ ಡೆಸ್ಮಂಡ್. ಈ ಸಲದ್ದು ವರ್ಷದ ಕೊನೆಯ ಪಂದ್ಯ, ಗೆದ್ದರೆ ವರ್ಷದ ಕಪ್ ಅವಳದೇ. “ಮೊನ್ನೆ ತಾನೇ ರಕ್ತ ಕೊಟ್ಟಿದೀಯ ಮಾರಾಯ್ತಿ, ಮೂರು ನಿಮಿಷ ಮೊದಲು ಹೊರಡು. ಯಾರೂ ಬೇಡ ಅನ್ನಲ್ಲ,” ಎಂದ ಡೆಸ್ಮಂಡ್. “ಬೇಡ ಡೆಸ್. ಮಗನ್ನ ಹೆತ್ತ ದಿನ ನಂಗೆ ಬಾಟಲಿಗಟ್ಟಲೆ ರಕ್ತ ಹಾಕಿದ್ರು. ಅದನ್ನ ಕೊಟ್ಟವರು ಯಾರ ಹತ್ರ ನಿಮಿಷ ಕೇಳಿದ್ರು?” ಎಂದವಳು ಎಂದಿನಂತೆ ಕೊನೆಗೆ ಹೊರಡುವವರ ಸಾಲಿಗೇ ಹೋಗಿ ನಿಂತಳು. ಅಂದು ಕಪ್ ತಪ್ಪಿತು. ಆದರೆ ಅಂದು ಅವಳು ಬೇಕೆಂದೇ ಬಿಚ್ಚದೆ ಬಿಟ್ಟಿದ್ದ ಮಗನ ಕಾಂಗರೂ ಮಾತ್ರ ಹ್ಯಾಂಡಲ್ಲಿನ ಮೇಲೆ ಕೂತೇ ಗುರಿ ಮುಟ್ಟಿತು.